ಏರಿಯ ಇಳಿಜಾರಿನಲ್ಲಿ ಕಲಿತ ವೇಗೋತ್ಕರ್ಷ

ಕಡೂರಿನಲ್ಲಿ ಹೊಸ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆದಿತ್ತು. ನಿವೃತ್ತಿಯಾಗಿ ತರೀಕೆರೆಯ ಮನೆಯಲ್ಲಿದ್ದ ನನ್ನನ್ನೂ ಒಂದು ದಿನದ ಮಟ್ಟಿಗೆ ಕರೆದಿದ್ದರು. ನಾನು ಮಾತು ಮುಗಿಸಿ ಊಟಕ್ಕೆ ಕೂತಾಗ ದೀಪಾ ಎಂಬ ಹುಡುಗಿ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದಳು. ದೇವನೂರು ಕಡೆಯ ಒಂದು ಪ್ರೌಢಶಾಲೆಗೆ ಅದೇ ವರ್ಷ ಸೇರಿದವಳು.

"ಮೇಡಂ, ಒಂದು ಕೇಳ್ಲಾ? ಒಂಬತ್ತನೇ ಕ್ಲಾಸಿಗೆ ಚಲನೆ ಪಾಠ ಮುಗಿಸ್ದೆ. ಲೆಕ್ಕ ಕೊಟ್ರೆ ಮಾಡ್ತಾರೆ, ಉತ್ತರಾನೂ ಸರಿ ಬರುತ್ತೆ. ಆದ್ರೆ ವೇಗೋತ್ಕರ್ಷ ಅಂದ್ರೆ ಏನ್ರಪ್ಪಾ ಅಂತ ಕೇಳಿದ್ರೆ ನನ್ನ ಮುಖ ನೋಡ್ತಾರೆ."

"ನನ್ನ ಮುಖಾನೂ ಹಂಗೇ ನೋಡಿದ್ರು ಕಣಮ್ಮಾ" ಎಂದೆ. ಅವಳು ನಕ್ಕಳು. ಆದರೆ ಅನ್ನ ಸಾರು ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಈಗ ಕೂತು ಬರೆಯುತ್ತಿದ್ದೇನೆ. ದೀಪಾಳಿಗೂ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಇದು ಉಪಯೋಗವಾದರೆ ಸಂತೋಷ. ಯಾವಾಗ ಯಾವ ಶಾಲೆಗೆ ವರ್ಗವಾದೆ, ಯಾವಾಗ ಸಂಬಳ ಹೆಚ್ಚಿತು ಎಂಬುದೆಲ್ಲ ಇದರಲ್ಲಿ ಬರುವುದಿಲ್ಲ. ಪಾಠ ಮಾಡುತ್ತ ಮಾಡುತ್ತ ಆ ಪಾಠವೇ ನನಗೆ ಹೇಗೆ ಅರ್ಥವಾಯಿತು ಎಂಬುದಷ್ಟೇ ನನಗೆ ಹೇಳಬೇಕೆನಿಸುವುದು.

ನನ್ನ ಹೆಸರು ಸಾಬಿರಾ. ತರೀಕೆರೆಯಲ್ಲಿ ನಮ್ಮ ಅಬ್ಬಾ ಸೈಕಲ್ ಶಾಪ್ ಇಟ್ಟಿದ್ದರು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಹಾಗಾಗಿ ಭೌತಶಾಸ್ತ್ರದ ದೊಡ್ಡ ದೊಡ್ಡ ಪದಗಳೆಲ್ಲ ನನಗೆ ಕನ್ನಡದಲ್ಲೇ ಪರಿಚಯವಾದವು, ಮನೆಯ ಮಾತಿನಲ್ಲಿ ಅವಕ್ಕೆ ಪದಗಳಿರಲಿಲ್ಲ. ಕೆಲಸ ಸಿಕ್ಕಿದ ಹೊಸದರಲ್ಲಿ ಒಂದು ಸಂಜೆ ಮರುದಿನದ ಪಾಠಕ್ಕೆ ಓದುತ್ತ ಕೂತಿದ್ದೆ. ಅಮ್ಮಿ ಒಲೆಯ ಮುಂದಿದ್ದವರು, ಏನದು ಅಷ್ಟುದ್ದದ ಪದ, ಅದರ ಅರ್ಥವೇನು ಎಂದು ಕೇಳಿದರು. ಒಂದೊಂದು ಸೆಕೆಂಡಿಗೂ ವೇಗ ಎಷ್ಟೆಷ್ಟು ಬದಲಾಗುತ್ತದೆ ಎನ್ನುವುದಕ್ಕೆ ಆ ಹೆಸರು ಎಂದೆ. ಅಮ್ಮಿ ಒಲೆಯ ಮೇಲಿನ ಪಾತ್ರೆ ನೋಡಿ, ಹಾಲು ಕಾಯುವಾಗ ಎಷ್ಟೋ ಹೊತ್ತು ಸುಮ್ಮನಿದ್ದು ಆಮೇಲೆ ಬರಬರುತ್ತ ಜೋರಾಗಿ ಮೇಲೇರುತ್ತದಲ್ಲ, ಅದಾ ಎಂದರು. ಅದೇ ಎಂದೆ. ಆಮೇಲೆ ನಾನು ಪಾಠ ಮಾಡಿದ ಪ್ರತಿ ತರಗತಿಯಲ್ಲೂ ಹಾಲಿನ ಪಾತ್ರೆ ಬಂದಿದೆ. ಅಮ್ಮಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ನನ್ನ ಪಾಠದ ಮೊದಲನೇ ಉದಾಹರಣೆ ಅವರದೇ.

ಮೊದಲು ಕೆಲಸಕ್ಕೆ ಸೇರಿದ್ದು ಸಿಂಗಟಗೆರೆ ಸೀಮೆಯ ಒಂದು ಶಾಲೆಯಲ್ಲಿ. ನಾನು ಆಗ ತುಂಬ ಚುರುಕು ಎಂದು ನನ್ನ ಬಗ್ಗೆ ನನಗೇ ಅಭಿಪ್ರಾಯ. ಬೋರ್ಡಿನ ಮೇಲೆ ಸೂತ್ರ ಬರೆಯುವುದು, ಕೊನೆಯ ವೇಗದಲ್ಲಿ ಮೊದಲಿನ ವೇಗ ಕಳೆಯುವುದು, ಕಾಲದಿಂದ ಭಾಗಿಸುವುದು. ಮಕ್ಕಳು ಒಂದೇ ವಾರಕ್ಕೆ ಪಟಪಟ ಉತ್ತರ ಹೇಳತೊಡಗಿದರು. ಅದೇ ಸಮಯಕ್ಕೆ ವಿಷಯ ಪರಿವೀಕ್ಷಕರು ಶಾಲೆಗೆ ಬಂದರು. ನಂಜುಂಡಯ್ಯ ಎಂದು ಅವರ ಹೆಸರು. ಬಿಳಿ ಷರ್ಟಿನ ಜೇಬಿನಲ್ಲಿ ಸೀಮೆಸುಣ್ಣದ ಚೂರು ಇಟ್ಟುಕೊಂಡು ಓಡಾಡುವವರು. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದರು.

ನಿಂತಿದ್ದ ಒಂದು ಬೈಕು ಐದು ಸೆಕೆಂಡಿನಲ್ಲಿ ಸೆಕೆಂಡಿಗೆ ಹತ್ತು ಮೀಟರ್ ವೇಗ ಪಡೆಯಿತು, ವೇಗೋತ್ಕರ್ಷ ಎಷ್ಟು ಎಂದು ನಾನು ಕೇಳಿದೆ. ಇಡೀ ತರಗತಿ ಎರಡು ಎಂದಿತು. ನಾನು ಹೆಮ್ಮೆಯಿಂದ ನಂಜುಂಡಯ್ಯನವರ ಕಡೆ ನೋಡಿದೆ. ಅವರು ಎದ್ದು ಬಂದರು.

"ಒಂದು ರೈಲು ಅಜ್ಜಂಪುರ ದಾಟಿ ಹೋಗ್ತಾ ಇದೆ ಅಂತ ಇಟ್ಕೊಳ್ಳಿ. ಒಂದೇ ಸಮ ಹೋಗ್ತಾ ಇದೆ, ಸೆಕೆಂಡಿಗೆ ಇಪ್ಪತ್ತು ಮೀಟರು. ಹತ್ತು ಸೆಕೆಂಡು ಹಂಗೇ ಹೋಯ್ತು. ಈಗ ವೇಗೋತ್ಕರ್ಷ ಎಷ್ಟ್ರಪ್ಪಾ?"

"ಎರಡು ಸಾರ್" ಎಂದು ತರಗತಿಯೆಲ್ಲ ಒಟ್ಟಿಗೆ ಕೂಗಿತು. ಇಪ್ಪತ್ತನ್ನು ಹತ್ತರಿಂದ ಭಾಗಿಸಿದ್ದರು, ಅಷ್ಟೇ. ಒಂದೇ ಸಮ ಹೋಗುವ ರೈಲಿನ ವೇಗ ಬದಲಾಗುವುದೇ ಇಲ್ಲ, ಆದ್ದರಿಂದ ಅದರ ವೇಗೋತ್ಕರ್ಷ ಸೊನ್ನೆ.

ಅವರು ಮಕ್ಕಳ ಎದುರು ನನಗೆ ಒಂದು ಮಾತೂ ಅನ್ನಲಿಲ್ಲ. "ಬನ್ನಿ, ಎಲ್ರೂ ಆಚೆ ಹೋಗೋಣ" ಎಂದು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಒಬ್ಬ ಹುಡುಗಿಯನ್ನು ನಿಲ್ಲಿಸಿ, ನಾನು ಒಂದು ಚಪ್ಪಾಳೆ ತಟ್ಟಿದರೆ ಎರಡು ಹೆಜ್ಜೆ ಇಡು ಎಂದರು. ಪ್ರತಿ ಚಪ್ಪಾಳೆಗೂ ಎರಡೆರಡು. ಅವಳು ನಡೆದಳು. "ನಡೀತಾ ಇದಾಳಾ? ನಡೀತಾ ಇದಾಳೆ. ನಡಿಗೆ ಬದಲಾಯ್ತಾ?" ಮಕ್ಕಳು ಇಲ್ಲ ಎಂದರು. ಎರಡನೇ ಸಲ, ಮೊದಲ ಚಪ್ಪಾಳೆಗೆ ಒಂದು, ಮುಂದಿನದಕ್ಕೆ ಎರಡು, ಆಮೇಲೆ ಮೂರು, ನಾಲ್ಕು. ಕೊನೆಗೆ ಆ ಹುಡುಗಿ ಓಡಬೇಕಾಯಿತು. "ಒಂದೊಂದು ಚಪ್ಪಾಳೆಗೂ ಎಷ್ಟೆಷ್ಟು ಜಾಸ್ತಿ ಆಯ್ತು?" ಒಂದು ಎಂದರು ಮಕ್ಕಳು. "ಅದೇ ವೇಗೋತ್ಕರ್ಷ ಕಣ್ರಪ್ಪಾ. ಎಷ್ಟು ಜೋರಾಗಿ ಹೋಗ್ತಾಳೆ ಅನ್ನೋದಲ್ಲ. ಎಷ್ಟೆಷ್ಟು ಬದಲಾಯಿಸ್ತಾಳೆ ಅನ್ನೋದು." ಮೂರನೇ ಸಲ ನಾಲ್ಕರಿಂದ ಶುರುಮಾಡಿ ಒಂದಕ್ಕೆ ಇಳಿಸಿದರು. "ಈಗಲೂ ಬದಲಾವಣೆ ಇದೆ, ಆದರೆ ಕಳೀತಾ ಹೋಗ್ತಾ ಇದೆ. ಅದಕ್ಕೇ ಮೈನಸ್ಸು."

ವೇಗೋತ್ಕರ್ಷದ ಮಾನದಲ್ಲಿ ಮೀಟರ್ ಆದ ಮೇಲೆ ಸೆಕೆಂಡು ಎರಡು ಸಲ ಯಾಕೆ ಬರುತ್ತದೆ ಎಂದು ಕಾಲೇಜಿನಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ಆ ಮೈದಾನದಲ್ಲಿ ನಿಂತಾಗ ಹೊಳೆಯಿತು. ಒಂದು ಸೆಕೆಂಡು ಹೆಜ್ಜೆಯ ಲೆಕ್ಕಕ್ಕೆ, ಇನ್ನೊಂದು ಆ ಲೆಕ್ಕ ಬದಲಾಗುವುದಕ್ಕೆ. ಟೀ ಕುಡಿಯುವಾಗ ಅವರು, "ನಿಮ್ಮ ಮಕ್ಕಳಿಗೆ ಭಾಗಾಕಾರ ಚೆನ್ನಾಗಿ ಬರುತ್ತೆ ತಾಯಿ. ಅದು ಗಣಿತದ ಮೇಷ್ಟ್ರ ಪುಣ್ಯ. ನಿಮ್ಮ ಪುಣ್ಯ ಇನ್ನು ಶುರುವಾಗ್ಬೇಕು" ಎಂದರು. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಅತ್ತುಬಿಡುತ್ತಿದ್ದೆ. ಅವರು ಹೇಳಿದ ರೀತಿಗೆ ನಗು ಬಂತು. ಸೂತ್ರ ಬೋರ್ಡಿಗೆ ಬರುವ ಮೊದಲು ಅದು ಮಕ್ಕಳ ಕಾಲಿಗೆ ಗೊತ್ತಾಗಬೇಕು ಎಂದು ಅವತ್ತು ತೀರ್ಮಾನ ಮಾಡಿದೆ. ದೀಪಾ, ನಿನಗೆ ಹೇಳಬೇಕಾದ್ದರಲ್ಲಿ ಅರ್ಧ ಇಷ್ಟೇ.

ಇನ್ನರ್ಧ ಕಲಿತದ್ದು ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಬೇಡ. ಅಲ್ಲೂ ಒಂದು ಕೆರೆ, ಕೆರೆಗೆ ಎತ್ತರದ ಏರಿ. ಕೆರೆಯಾಚೆ ಒಂದಷ್ಟು ಮನೆಗಳಿದ್ದವು. ಅಲ್ಲಿಂದ ಬರುವ ಹುಡುಗಿಯರಿಗೆ ಬಸ್ಸಿಲ್ಲ. ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಏರಿಯ ಮೇಲೆ ಬಂದು, ಏರಿ ಮುಗಿದಲ್ಲಿ ಒಂದು ಇಳಿಜಾರು ಇಳಿದು, ಕೆಳಗಿನ ಡಾಂಬರು ರಸ್ತೆ ದಾಟಿದರೆ ಶಾಲೆ. ಇಳಿಜಾರು ಮುಗಿಯುವ ಸ್ವಲ್ಪ ಮುಂಚೆ ಒಂದು ಹುಣಸೆಮರ ಇತ್ತು. ಹುಡುಗಿಯರೆಲ್ಲ ಮರದವರೆಗೂ ಸೈಕಲ್ ಹರಿಯಬಿಟ್ಟು, ಮರದ ಹತ್ತಿರ ಬ್ರೇಕ್ ಹಿಡಿಯುತ್ತಿದ್ದರು.

ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯ ಶೋಭಾ ಎಂಬ ಹುಡುಗಿ ತನ್ನ ಗೆಳತಿ ಗೀತಾಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಇಳಿದಳು. ಬ್ರೇಕ್ ಹಿಡಿದಳು, ಸೈಕಲ್ ನಿಲ್ಲಲಿಲ್ಲ. ನೇರ ರಸ್ತೆಗೆ ಬಂದುಬಿಟ್ಟಿತು. ಎದುರಿಗೆ ಹಾಲಿನ ವ್ಯಾನು. ವ್ಯಾನಿನವನು ಹೇಗೋ ತಪ್ಪಿಸಿದ. ಹುಡುಗಿಯರು ರಸ್ತೆಯ ಮೇಲೆ ಬಿದ್ದರು. ಗೀತಾಳಿಗೆ ತರಚು ಗಾಯ, ಶೋಭಾಳ ಬಲಗೈ ಮಣಿಕಟ್ಟು ಮುರಿಯಿತು.

ಮಾರನೇ ದಿನ ಶೋಭಾಳ ತಂದೆ ರಂಗಪ್ಪ ಶಾಲೆಗೆ ಬಂದರು. ಕಡ್ಡಿಯಂಥ ಆಳು, ಮಾತು ಕಮ್ಮಿ. ಅವರ ಹಿಂದೆ ಕೆರೆಯಾಚೆಯ ಇನ್ನೂ ನಾಲ್ಕಾರು ಮಂದಿ.

"ಟಿಸಿ ಕೊಟ್ಬಿಡಿ ಸಾರ್" ಎಂದರು ಮುಖ್ಯೋಪಾಧ್ಯಾಯರಿಗೆ. "ನಮ್ ಹುಡ್ಗೀನ ಇನ್ ಕಳ್ಸಲ್ಲ. ಇವ್ರೂ ಕಳ್ಸಲ್ಲ ಅಂತಾವ್ರೆ."

ನಮ್ಮ ಮುಖ್ಯೋಪಾಧ್ಯಾಯರು ಹೊನ್ನಪ್ಪನವರು ಬಹಳ ಶಿಸ್ತಿನ ಮನುಷ್ಯ. "ಇಳಿಜಾರಲ್ಲಿ ಇಳ್ದು ತಳ್ಕೊಂಡು ಬನ್ನಿ ಅಂತ ಪ್ರಾರ್ಥನೇಲಿ ಹೇಳ್ತೀನಿ ರಂಗಪ್ಪ" ಎಂದರು.

"ನೀವ್ ಹೇಳ್ತೀರ ಸಾರ್. ತಡ ಆದ್ರೆ ಗೇಟ್ ಆಚೆ ನಿಲ್ಸೋರೂ ನೀವೇ. ಅದಕ್ಕೇ ಹೆದ್ರಿ ಇವು ಹಾರ್ಕೊಂಡ್ ಬತ್ತವೆ." ಅಷ್ಟು ಹೇಳಿ ರಂಗಪ್ಪ ತಲೆ ತಗ್ಗಿಸಿದರು. "ನಮ್ದೂ ತಪ್ಪೈತೆ. ಮೈಮೇಲೆ ಜ್ಞಾನ ಇಲ್ದಂಗೆ ಓಡ್ಸವ್ಳೆ. ಕೈ ಮುರ್ದಿದ್ರೂ ಎಲ್ಡು ಬಾರಿಸ್ದೆ."

ಒಂದು ವಾರ ಸಮಯ ಕೊಡಿ ಎಂದು ಕೇಳಿದವಳು ನಾನು. ಯಾಕೆ ಕೇಳಿದೆ, ಆ ವಾರದಲ್ಲಿ ಏನು ಮಾಡುತ್ತೇನೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಕೆರೆಯಾಚೆಯಿಂದ ಬರುತ್ತಿದ್ದ ಹುಡುಗಿಯರೆಲ್ಲ ಒಟ್ಟಿಗೇ ಶಾಲೆ ಬಿಡುವುದು ಕಣ್ಣೆದುರು ಬಂದು ಬಾಯಿಂದ ಮಾತು ಬಂದುಬಿಟ್ಟಿತು. ರಂಗಪ್ಪ ನನ್ನನ್ನು ನೋಡಿ, "ಆಗ್ಲಿ ಮೇಡಮ್ಮೋರೆ, ಒಂದು ವಾರ" ಎಂದು ಹೋದರು.

ಮೊದಲು ನಾನು ಸೈಕಲ್ ನೋಡಿದೆ. ಅಬ್ಬಾನ ಶಾಪಿನಲ್ಲಿ ಬೆಳೆದವಳಲ್ಲವೇ, ಬ್ರೇಕ್ ಸವೆದಿರಬೇಕು ಎಂದುಕೊಂಡಿದ್ದೆ. ರಬ್ಬರ್ ಚೆನ್ನಾಗಿತ್ತು, ತಂತಿ ಬಿಗಿಯಾಗಿತ್ತು, ರಿಮ್ಮಿನಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ. ಬ್ರೇಕಿನದೇನೂ ತಪ್ಪಿಲ್ಲ. ಕೈಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿದ್ದ ಶೋಭಾಳನ್ನು ನೋಡಲು ಹೋದೆ.

"ನಾನು ಮರದ ಹತ್ರಾನೇ ಹಿಡಿದೆ ಮಿಸ್" ಎಂದಳು. "ದಿನಾ ಒಬ್ಳೇ ಬರುವಾಗ ಹಿಡಿಯೋ ಜಾಗಾನೇ. ಅಪ್ಪ ನಂಬಲ್ಲ. ಎಲ್ಲೋ ನೋಡ್ಕೊಂಡು ಓಡ್ಸಿದೀಯ ಅಂತಾರೆ." ಅವಳ ಕಣ್ಣಲ್ಲಿ ನೀರಿತ್ತು. ಕೈನೋವಿಗಿಂತ ಆ ಮಾತೇ ಅವಳಿಗೆ ಹೆಚ್ಚು ನೋವಾಗಿದ್ದಂತೆ ಕಂಡಿತು.

ಮರುದಿನ ತರಗತಿಯಲ್ಲಿ ಪುಸ್ತಕ ಮುಚ್ಚಿಸಿದೆ. ಸೈಕಲ್ ಎರಡರಷ್ಟು ವೇಗವಾಗಿ ಬಂದರೆ ನಿಲ್ಲಿಸಲು ಎಷ್ಟು ಜಾಗ ಬೇಕು ಎಂದು ಕೇಳಿದೆ. ಎರಡರಷ್ಟು ಎಂದರು ಎಲ್ಲರೂ. ನೋಡೋಣ ಎಂದು ಮೈದಾನಕ್ಕೆ ಹೋದೆವು. ಹತ್ತು ಮೀಟರ್ ಅಳೆದು ಸುಣ್ಣದ ಗೆರೆ ಹಾಕಿದೆವು. ಆ ಹತ್ತು ಮೀಟರನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿ, ಕೊನೆಯ ಗೆರೆಯ ಮೇಲೆ ಬ್ರೇಕ್ ಹಿಡಿಯಬೇಕು. ನಮ್ಮ ಹುಡುಗಿಯೊಬ್ಬಳು ಹಾಗೆ ಮಾಡಿದಾಗ ಸೈಕಲ್ ಒಂದೂಕಾಲು ಮೀಟರಿನಲ್ಲಿ ನಿಂತಿತು. ಈಗ ಅದೇ ದೂರ ಎರಡೇ ಸೆಕೆಂಡಿನಲ್ಲಿ. ಎರಡೂವರೆ ಮೀಟರಿಗೆ ನಿಲ್ಲುತ್ತದೆ ಎಂದು ಎಲ್ಲರೂ ಅಲ್ಲಿ ಗುಂಪು ಕಟ್ಟಿ ನಿಂತಿದ್ದರು. ಸೈಕಲ್ ಅವರನ್ನೆಲ್ಲ ದಾಟಿಕೊಂಡು ಹೋಯಿತು. ಟೇಪು ಹಿಡಿದರೆ ಹತ್ತಿರ ಹತ್ತಿರ ಐದು ಮೀಟರ್.

"ನಾಲ್ಕು ಪಟ್ಟು ಆಯ್ತಲ್ಲ ಮಿಸ್" ಎಂದಳು ಗೀತಾ. ಮೊಣಕೈಗೆ ಇನ್ನೂ ಔಷಧಿ ಹಚ್ಚಿಕೊಂಡಿದ್ದಳು. ಆಗ ಬೋರ್ಡಿನ ಮುಂದೆ ಹೋಗಿ ಸೂತ್ರ ಬರೆದೆ. ವೇಗದ ವರ್ಗ ಎಂದರೆ ಎರಡು ಪಟ್ಟು ವೇಗದ ವೇಗೋತ್ಕರ್ಷವನ್ನು ದೂರದಿಂದ ಗುಣಿಸಿದಷ್ಟು. ಅಲ್ಲೇ ನಾಲಿಗೆ ತೊಡರಿತು. ಮಕ್ಕಳು ನಕ್ಕರು, ನಾನೂ ನಕ್ಕು ಸರಿ ಮಾಡಿ ಹೇಳಿದೆ. ನಿಂತಲ್ಲಿಂದ ಹೊರಟ ವಸ್ತುವಿನ ವೇಗವನ್ನು ಅದರಿಂದಲೇ ಗುಣಿಸಿದರೆ ಬರುವ ಸಂಖ್ಯೆ, ವೇಗೋತ್ಕರ್ಷ ಮತ್ತು ದೂರದ ಗುಣಲಬ್ಧದ ಎರಡರಷ್ಟು; ಓಡುವುದು ನಿಲ್ಲುವಾಗಲೂ ಇದೇ ಲೆಕ್ಕ. ಆ ಸೂತ್ರದಲ್ಲಿನ ವರ್ಗದ ಗುರುತನ್ನು ಅಷ್ಟು ಮರ್ಯಾದೆಯಿಂದ ನೋಡಿದ ತರಗತಿಯನ್ನು ನಾನು ಮೊದಲು ಕಂಡಿರಲಿಲ್ಲ.

ಇನ್ನು ಇಳಿಜಾರು. ಅಳೆದಾಗ ಮೇಲಿನಿಂದ ರಸ್ತೆಯ ಅಂಚಿನವರೆಗೆ ಅರವತ್ತನಾಲ್ಕು ಮೀಟರ್ ಬಂತು. ಮರ ಇದ್ದದ್ದು ರಸ್ತೆಗೆ ಹತ್ತು ಮೀಟರ್ ದೂರದಲ್ಲಿ. ಮಕ್ಕಳನ್ನು ಕ್ಯಾರಿಯರ್ ಮೇಲೆ ಕೂರಿಸಿ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ. ಗೀತಾಳಷ್ಟು ತೂಕದ ರಾಗಿ ಮೂಟೆ ಬೇಕು ಎಂದು ರಂಗಪ್ಪನವರಿಗೆ ಹೇಳಿಕಳಿಸಿದೆ. ಮೂಟೆ ಹೊತ್ತುಕೊಂಡು ಅವರೇ ಬಂದರು.

"ಮೂಟೆ ಯಾತಕ್ ಮೇಡಮ್ಮೋರೆ?"

"ಕ್ಯಾರಿಯರ್‌ಗೆ ಕಟ್ಟೋಕೆ. ಶೋಭಾ ಇಳಿದ ಹಾಗೇ ಯಾರಾದ್ರೂ ಇಳೀಬೇಕು. ಆದ್ರೆ ಮೇಲಿನ ಸ್ವಲ್ಪ ದೂರ ಅಷ್ಟೇ."

"ನಾನೇ ಇಳೀತೀನಿ ಬಿಡಿ" ಎಂದು ಪಂಚೆ ಎತ್ತಿ ಕಟ್ಟಿದರು.

ಮೂಟೆ ಕಟ್ಟಿಕೊಂಡು, ತುಳಿಯದೆ, ಬ್ರೇಕ್ ಹಿಡಿಯದೆ ಬಿಟ್ಟಾಗ ಮೊದಲ ಹದಿನಾರು ಮೀಟರಿಗೆ ಎಂಟು ಸೆಕೆಂಡು ಹಿಡಿಯಿತು. ಅಂದರೆ ಪ್ರತಿ ಸೆಕೆಂಡಿಗೂ ವೇಗ ಅರ್ಧ ಮೀಟರಿನಷ್ಟು ಏರುತ್ತಿತ್ತು. "ಅರ್ಧ ಅಷ್ಟೇನಾ ಮಿಸ್, ಅದೇನ್ ಮಹಾ" ಎಂದ ಹುಡುಗನಿಗೆ, ಹಾಗಾದರೆ ತಳ ಮುಟ್ಟುವಾಗ ಎಷ್ಟಾಗಿರುತ್ತದೆ ಲೆಕ್ಕ ಹಾಕು ಎಂದೆ. ಸೆಕೆಂಡಿಗೆ ಎಂಟು ಮೀಟರ್ ಬಂತು. ಟಿವಿಎಸ್ ಓಡುವ ವೇಗ.

ಎರಡನೇ ಸಲ ರಂಗಪ್ಪ ಹದಿನಾರು ಮೀಟರ್ ಬಂದ ಮೇಲೆ ಬ್ರೇಕ್ ಬಿಗಿಯಾಗಿ ಹಿಡಿದರು. ನಿಲ್ಲಲು ಇನ್ನೂ ಎಂಟು ಮೀಟರ್ ಬೇಕಾಯಿತು. ಅಷ್ಟು ಬಿಗಿ ಹಿಡಿದರೂ ಸೆಕೆಂಡಿಗೆ ಒಂದು ಮೀಟರಿನಂತೆ ಮಾತ್ರ ವೇಗ ಇಳಿಯುತ್ತಿತ್ತು. ಬ್ರೇಕು ಹಿಂದಕ್ಕೆ ಜಗ್ಗಿದರೆ ಇಳಿಜಾರು ಮುಂದಕ್ಕೆ ಎಳೆಯುತ್ತದೆ, ಮೇಲೆ ಇಬ್ಬರ ಭಾರ ಬೇರೆ. ಸಮತಟ್ಟು ಮೈದಾನದಲ್ಲಿ ಒಬ್ಬಳೇ ಇದ್ದಾಗ ಇದರ ಎರಡೂವರೆ ಪಟ್ಟು ಹಿಡಿತ ಸಿಕ್ಕಿತ್ತು.

ಅಲ್ಲೇ ಏರಿಯ ಮೇಲೆ ಕೂತು ಮಕ್ಕಳು ಲೆಕ್ಕ ಹಾಕಿದರು. ಮರ ತಲುಪುವ ಹೊತ್ತಿಗೆ ಸೈಕಲ್ಲಿನ ವೇಗದ ವರ್ಗ ಐವತ್ತನಾಲ್ಕು. ಉಳಿದ ಹತ್ತು ಮೀಟರಿನಲ್ಲಿ ಬ್ರೇಕ್ ಕಳೆಯಬಲ್ಲದ್ದು ಇಪ್ಪತ್ತು. ಇನ್ನೂ ಮೂವತ್ತನಾಲ್ಕು ಉಳಿಯುತ್ತದೆ, ಅಂದರೆ ರಸ್ತೆಯ ಅಂಚಿಗೆ ಬಂದಾಗಲೂ ಸೆಕೆಂಡಿಗೆ ಸುಮಾರು ಆರು ಮೀಟರ್ ವೇಗ. ಗೀತಾ ಲೆಕ್ಕವನ್ನು ಎರಡು ಸಲ ಮಾಡಿ ನನ್ನ ಮುಖ ನೋಡಿದಳು. "ಮಿಸ್, ಮರದ ಹತ್ರ ಹಿಡಿದ್ರೆ ಇಬ್ರು ಕೂತ ಸೈಕಲ್ ನಿಲ್ಲೋದೇ ಇಲ್ಲ."

"ಲೆಕ್ಕ ಹಂಗ್ ಅಂತದಾ?" ಎಂದರು ರಂಗಪ್ಪ. ಅವರಿಗೆ ನಂಬಿಕೆ ಬರಲಿಲ್ಲ. "ರಸ್ತೇಲಿ ಆ ಕಡೆ ಈ ಕಡೆ ಗಾಡಿ ನಿಲ್ಸಿ. ನಾನ್ ಪೂರ್ತಿ ಇಳ್ದು ನೋಡ್ತೀನಿ." ಬೇಡ ಎಂದೆ. ಪ್ರಯೋಗ ನೋಡಲು ಬಂದಿದ್ದ ಹೊನ್ನಪ್ಪನವರೂ ಬೇಡ ಎಂದರು. ಕೇಳಲಿಲ್ಲ. ಕೊನೆಗೆ ಹೊನ್ನಪ್ಪನವರೇ ರಸ್ತೆಯ ಒಂದು ಕಡೆ, ರಂಗಪ್ಪನವರ ಜೊತೆ ಬಂದಿದ್ದ ಊರಿನವರು ಇನ್ನೊಂದು ಕಡೆ ಕೈ ಅಡ್ಡ ಹಿಡಿದು ನಿಂತರು.

ರಂಗಪ್ಪ ಇಳಿದರು. ಮರದ ಹತ್ತಿರ ಬಂದಾಗ ಎರಡೂ ಕೈಯಲ್ಲಿ ಬ್ರೇಕ್ ಅದುಮಿದ್ದು ನಮಗೆಲ್ಲ ಕಾಣಿಸಿತು. ರಿಮ್ಮು ಕಿರ್ರೆಂದಿತು. ಸೈಕಲ್ ರಸ್ತೆಗೆ ಇಳಿದು, ರಸ್ತೆ ದಾಟಿ, ಆ ಕಡೆಯ ಬೇಲಿಯ ಹತ್ತಿರ ಹೋಗಿ ನಿಂತಿತು. ರಂಗಪ್ಪ ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ಊರಿ ಹಾಗೇ ನಿಂತಿದ್ದರು. ನಾವು ಹತ್ತಿರ ಹೋದಾಗ ಮೆಲ್ಲಗೆ ಹೇಳಿದರು.

"ನಾನೇ ನಿಲ್ಸಕ್ ಆಗ್ನಿಲ್ಲ ಮೇಡಮ್ಮೋರೆ. ಆ ಮಗೀಗ್ ಹೊಡ್ದ್ಬಿಟ್ಟೆ."

ಆ ಸಂಜೆ ನಾನು ಅವರ ಜೊತೆಗೇ ಅವರ ಮನೆಗೆ ಹೋದೆ. ರಂಗಪ್ಪ ಮಗಳ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು. "ನೀನ್ ಸರ್ಯಾದ್ ಜಾಗ್ದಾಗೇ ಹಿಡ್ದಿದ್ದೆ ಕಣವ್ವಾ. ಆ ಜಾಗಾನೇ ಸರಿ ಇಲ್ಲ" ಎಂದರು. ಶೋಭಾ ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು. ವೇಗೋತ್ಕರ್ಷದ ಲೆಕ್ಕವೊಂದು ಒಂದು ಮನೆಯೊಳಗೆ ಹೋಗಿ ಇಂಥ ಕೆಲಸ ಮಾಡಬಹುದು ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಎಲ್ಲಿ ಬ್ರೇಕ್ ಹಿಡಿದರೆ ರಸ್ತೆಯ ಅಂಚಿನಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವನ್ನು ಶೋಭಾಳೇ ಎಡಗೈಯಲ್ಲಿ ಬರೆದು ಮಾಡಿದಳು. ರಸ್ತೆಗೆ ಇಪ್ಪತ್ತೊಂದು ಮೀಟರಿಗೂ ಸ್ವಲ್ಪ ಹೆಚ್ಚು ಇರುವಾಗಲೇ ಹಿಡಿಯಬೇಕು ಎಂದು ಬಂತು. ರಂಗಪ್ಪ, "ಮೂವತ್ತಕ್ಕೇ ನೆಡಾನ. ಒಂದೊಂದಿನ ಕೈ ನಿಧಾನ ಆಯ್ತದೆ" ಎಂದು ಅಲ್ಲಿ ಒಂದು ಕಲ್ಲು ನೆಟ್ಟು ಸುಣ್ಣ ಬಳಿದರು. ಕಲ್ಲಿನ ಹತ್ತಿರ ಬ್ರೇಕ್ ಹಿಡಿಯಬೇಕು, ಸೈಕಲ್ ನಿಂತ ಮೇಲೆ ಹಿಂದೆ ಕೂತವರು ಇಳಿಯಬೇಕು, ಮಳೆ ಬಂದ ದಿನ ಎಲ್ಲರೂ ಇಳಿದು ತಳ್ಳಬೇಕು ಎಂದು ಮಕ್ಕಳೇ ನಿಯಮ ಮಾಡಿಕೊಂಡರು. ಯಾರೋ ಹೇಳಿದ್ದಾಗಿದ್ದರೆ ವಾರದಲ್ಲಿ ಮರೆಯುತ್ತಿದ್ದರು. ತಾವೇ ಕಂಡುಕೊಂಡದ್ದನ್ನು ಮರೆಯಲಿಲ್ಲ. ನಾನು ಆ ಶಾಲೆಯಲ್ಲಿ ಇರುವವರೆಗೂ ಆ ಇಳಿಜಾರಿನಲ್ಲಿ ಮತ್ತೆ ಯಾರೂ ಬೀಳಲಿಲ್ಲ. ಟಿಸಿಯ ಮಾತು ಮತ್ತೆ ಬರಲಿಲ್ಲ.

ಹೊನ್ನಪ್ಪನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂದಿನ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಮೈಕಿನ ಮುಂದೆ ನಿಂತು, "ಕೆರೆಯಾಚೆಯಿಂದ ಬರೋರಿಗೆ ಇನ್ಮೇಲೆ ಗೇಟು ಮುಚ್ಚಲ್ಲ. ತಡ ಆದ್ರೂ ಪರವಾಗಿಲ್ಲ, ನಿಧಾನ ಬನ್ನಿ" ಎಂದರು. ಶಿಸ್ತನ್ನೇ ಉಸಿರಾಡಿದ ಮನುಷ್ಯ ತಾವೇ ಮಾಡಿದ ನಿಯಮವನ್ನು ಎಲ್ಲರ ಎದುರು ಸಡಿಲಿಸುವುದು ಸುಲಭವಲ್ಲ. ಅಂಥ ಮುಖ್ಯಸ್ಥರ ಕೈಕೆಳಗೆ ಕೆಲಸ ಮಾಡಿದೆ ಎನ್ನುವುದು ನನ್ನ ಅದೃಷ್ಟ.

ಕೊನೆಯ ವರ್ಷಗಳನ್ನು ತರೀಕೆರೆಯಲ್ಲಿ ಕಳೆದೆ. ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಮೊಬೈಲು ಬಂದಿತ್ತು. ಲೆಕ್ಕದ ಫೋಟೋ ತೆಗೆದರೆ ಉತ್ತರ ಹಂತಹಂತವಾಗಿ ಬಂದುಬಿಡುತ್ತದೆ. ಇನ್ನು ನಮ್ಮ ಕೆಲಸ ಏನಿದೆ ಎಂದು ಕೆಲವು ಸಹೋದ್ಯೋಗಿಗಳು ಬೇಸರ ಮಾಡಿಕೊಂಡರು. ನನಗೆ ಅದು ಅನುಕೂಲವೇ ಆಯಿತು. ಮೇಲಿನಿಂದ ಬೀಳುವ ಚೆಂಡನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಹಿಡಿದರೆ, ಒಂದೊಂದು ಚಿತ್ರಕ್ಕೂ ಚೆಂಡು ಹೆಚ್ಚು ಹೆಚ್ಚು ದೂರ ಇಳಿಯುವುದು ಕಣ್ಣಿಗೇ ಕಾಣುತ್ತದೆ. ನಾನು ವರ್ಷಗಟ್ಟಲೆ ಕೈ ಆಡಿಸಿ ಹೇಳಿದ್ದು ಅದನ್ನೇ. ಉತ್ತರ ಮೊಬೈಲಿನಿಂದ ಬಂದರೂ ಸರಿ, ಅದನ್ನು ಪರೀಕ್ಷೆ ಮಾಡಿ ಎನ್ನುತ್ತಿದ್ದೆ. ಬಿಟ್ಟ ಕಲ್ಲು ನೆಲಕ್ಕೆ ಬೀಳುವಾಗ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಮೀಟರಿನಂತೆ ವೇಗ ಏರುತ್ತದೆ. ಒಂದು ಆಟೋರಿಕ್ಷಾಗೆ ಇನ್ನೂರೈವತ್ತು ಎಂದು ಉತ್ತರ ಬಂದಿದ್ದರೆ ಆ ಆಟೋದಲ್ಲಿ ನೀವು ಕೂತುಕೊಳ್ಳುತ್ತೀರಾ ಎಂದರೆ ಮಕ್ಕಳು ನಕ್ಕು, ಕಿಲೋಮೀಟರನ್ನು ಮೀಟರಿಗೆ ಬದಲಾಯಿಸಲು ಮರೆತ ಜಾಗ ಹುಡುಕುತ್ತಿದ್ದರು.

ನಾನು ನಿವೃತ್ತಿಯಾಗುವ ವರ್ಷ ಚೈತ್ರಾ ಎಂಬ ಹುಡುಗಿ ತರಗತಿಯಲ್ಲಿದ್ದಳು. ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುವವಳು. ಬೋರ್ಡಿನ ಮೇಲೆ ನಾನು ವೇಗದ ನಕ್ಷೆ ಎಳೆದಿದ್ದೆ. ಬ್ರೇಕ್ ಹಿಡಿದ ಬಸ್ಸಿನ ವೇಗ ಓರೆಗೆರೆಯಾಗಿ ಇಳಿದು ಸೊನ್ನೆ ಮುಟ್ಟುವ ನಕ್ಷೆ. ಅವಳು ಕೈ ಎತ್ತಿದಳು.

"ಮಿಸ್, ಬ್ರೇಕ್ ಹಾಕ್ದಾಗ ಮುಂದಕ್ ವಾಲ್ತೀವಿ, ಅದು ಸರಿ. ಆದ್ರೆ ಪೂರ್ತಿ ನಿಂತ್ಮೇಲೆ ಹಿಂದಕ್ ಯಾಕ್ ಜಗ್ಗುತ್ತೆ?"

ಅಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ, ಅಷ್ಟು ವರ್ಷ ಆ ಪಾಠ ಮಾಡಿದ್ದೇನೆ. ಆ ಪ್ರಶ್ನೆ ನನಗೆ ಬಂದೇ ಇರಲಿಲ್ಲ. "ಗೊತ್ತಿಲ್ಲ ಕಣೇ, ಇಬ್ಬರೂ ಹುಡುಕೋಣ" ಎಂದೆ.

ಅವಳು ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಹಿಡಿದುಕೊಂಡು ಕೆಲವು ದಿನ ಬಸ್ಸಿನಲ್ಲಿ ಬಂದಳು. ಬ್ರೇಕ್ ಹಿಡಿದಷ್ಟು ಹೊತ್ತೂ ನೀರು ಮುಂದಕ್ಕೆ ಏರಿ ನಿಂತಿರುತ್ತದೆ, ಬಸ್ಸು ನಿಂತ ಕ್ಷಣ ಹಿಂದಕ್ಕೆ ಬಂದು ಬಡಿಯುತ್ತದೆ ಎಂದು ಹೇಳಿದಳು. ನಾನು ಮನೆಯಲ್ಲಿ ಪುಸ್ತಕ ತಿರುವಿ ಹಾಕಿದೆ. ಇಬ್ಬರೂ ನಕ್ಷೆಯ ಮುಂದೆ ನಿಂತೆವು. ಕಂಡುಹಿಡಿದದ್ದು ಅವಳೇ. ಓರೆಗೆರೆ ಕೆಳಗಿನ ಗೆರೆಯನ್ನು ಮುಟ್ಟುವ ಮೂಲೆಯ ಮೇಲೆ ಬೆರಳಿಟ್ಟಳು.

"ಇಲ್ಲೀತನಕ ಮೈನಸ್ ವೇಗೋತ್ಕರ್ಷ ಇದೆ ಮಿಸ್. ನಾವು ಬೀಳಬಾರ್ದು ಅಂತ ಕಾಲು ಒತ್ಕೊಂಡು ಹಿಂದಕ್ಕೆ ಬಿಗಿ ಹಿಡಿದಿರ್ತೀವಿ. ಇಲ್ಲಿ ಅದು ಒಂದೇ ಸಲಕ್ಕೆ ಸೊನ್ನೆ ಆಗ್ಬಿಡುತ್ತೆ. ನಮ್ಮ ಬಿಗಿ ಮಾತ್ರ ಹಂಗೇ ಉಳ್ಕೊಂಡಿರುತ್ತೆ. ಅದಕ್ಕೇ ಹಿಂದಕ್ಕೆ ಹೋಗ್ತೀವಿ."

ಅಂದರೆ ವೇಗ ಬದಲಾಗುವಂತೆ ವೇಗೋತ್ಕರ್ಷವೂ ಬದಲಾಗುತ್ತದೆ, ಮೈಗೆ ಜಗ್ಗಿದಂತೆ ಆಗುವುದು ಆ ಬದಲಾವಣೆಯೇ. ಡ್ರೈವರು ಕೊನೆಯ ಗಳಿಗೆಯಲ್ಲಿ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದರೆ ನಕ್ಷೆಯ ಆ ಮೂಲೆ ದುಂಡಗಾಗುತ್ತದೆ, ಯಾರಿಗೂ ಜಗ್ಗುವುದಿಲ್ಲ. ಸೇವೆ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ನನ್ನ ಪಾಠಕ್ಕೇ ಒಂದು ಹೊಸ ಪುಟ ಸೇರಿಸಿಕೊಟ್ಟಳು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರು. ಅವಳ ಆ ಮೂಲೆಯ ಮುಂದೆ ಅವು ಚಿಕ್ಕವೇ.

ಹೋದ ವಾರ ತಂಗಿಯನ್ನು ನೋಡಲು ಕಡೂರಿಗೆ ಹೋಗಿದ್ದೆ. ಬಸ್ಸು ತುಂಬಿತ್ತು, ಡ್ರೈವರಿನ ಹಿಂದೆಯೇ ಕಂಬಿ ಹಿಡಿದು ನಿಂತಿದ್ದೆ. ದಾರಿಯಲ್ಲಿ ಎಷ್ಟೋ ಕಡೆ ನಿಂತಿತು. ಒಂದು ಸಲವೂ ನನ್ನ ಕಾಲು ಅಲುಗಲಿಲ್ಲ. ಬಸ್ಸು ನಿಂತದ್ದು ಗೊತ್ತಾಗುತ್ತಿದ್ದದ್ದು ಕಿಟಕಿಯಾಚೆಯ ಅಂಗಡಿಗಳು ನಿಂತಾಗ. ಡ್ರೈವರು ನಡುವಯಸ್ಸಿನ ಮನುಷ್ಯ, ಪೆಡಲ್ ಮೇಲಿನ ಅವರ ಪಾದವನ್ನೇ ನೋಡುತ್ತ ಬಂದೆ. ಕಡೂರಿನಲ್ಲಿ ಇಳಿಯುವ ಮುಂಚೆ ಅವರ ಸೀಟಿನ ಪಕ್ಕ ನಿಂತು ಹೇಳಿದೆ.

"ಬಹಳ ಚೆನ್ನಾಗಿ ನಿಲ್ಲಿಸ್ತೀರಪ್ಪಾ ನೀವು."

ಅವರು ಸ್ಟೇರಿಂಗ್ ಮೇಲಿನ ಕೈ ತೆಗೆದು ಪೂರ್ತಿ ನನ್ನ ಕಡೆ ತಿರುಗಿದರು.

"ಜೋರಾಗಿ ಓಡ್ಸ್ತೀಯ ಅಂತ ಬೈದೋರವ್ರೆ, ನಿಧಾನ ಅಂತ ಬೈದೋರೂ ಅವ್ರೆ. ನಿಲ್ಸದು ಚೆನ್ನಾಗೈತೆ ಅಂದೋರು ನೀವೇ ಕಣಮ್ಮಾ ಮೊದ್ಲು."